ಶಿಫ್ಟ್ ಡ್ಯೂಟಿಯ ಮನೆಯಲ್ಲಿ ಎಲ್ಲರೂ ಕೂಡಿ ಕೂರುವುದು ಹೇಗೆ?

ಪ್ರಶ್ನೆ:

ಅಕ್ಕಾ, ನಮಸ್ಕಾರ. ನಾವು ಕಲಬುರಗಿಯವರು, ರಿಂಗ್ ರೋಡ್ ಆಚೆಯ ಬಡಾವಣೆಯಲ್ಲಿ ಮನೆ. ನಾನು ಸರ್ಕಾರಿ ಕಚೇರಿಯಲ್ಲಿ ಎಸ್‌ಡಿಎ. ಮನೆ ಸೇರುವಷ್ಟರಲ್ಲಿ ಸಂಜೆ ಆರೂವರೆ. ನಮ್ಮ ಮನೆಯವರು ವಾಡಿ ಕಡೆ ಸಿಮೆಂಟ್ ಫ್ಯಾಕ್ಟರಿಯಲ್ಲಿ ಇದ್ದಾರೆ. ವಾರಕ್ಕೊಂದು ಶಿಫ್ಟ್. ಒಂದು ವಾರ ಮುಂಜಾನೆ 6ರಿಂದ ಮಧ್ಯಾಹ್ನ 2, ಒಂದು ವಾರ 2ರಿಂದ ರಾತ್ರಿ 10, ಇನ್ನೊಂದು ವಾರ ರಾತ್ರಿ 10ರಿಂದ ಮುಂಜಾನೆ 6. ರಜೆ ರವಿವಾರವೇ ಬರುತ್ತದೆ ಅಂತಿಲ್ಲ. ಮಗ ಪಿಯುಸಿ ಎರಡನೇ ವರ್ಷ, ನೀಟ್ ಕೋಚಿಂಗ್ ಮುಗಿಸಿ ಬರೋದು ಏಳಕ್ಕೆ. ಬಂದವನೇ ಬಾಗಿಲು ಹಾಕಿಕೊಳ್ಳುತ್ತಾನೆ. ಈಚೆಗೆ ಮಾತೂ ಕಡಿಮೆ. ಮಗಳು ಏಳನೇ ಕ್ಲಾಸ್. ಅತ್ತೆಯವರಿಗೆ ಎಂಟರಿಂದ ಒಂಬತ್ತೂವರೆ ತನಕ ಸೀರಿಯಲ್. ನಳದ ನೀರು ಬಂದ ದಿನ ಮನೆಯ ಎಲ್ಲ ಕೆಲಸ ಏರುಪೇರು.

ಹೋದ ತಿಂಗಳು ಒಂದು ರವಿವಾರ ರಾತ್ರಿ ಎಲ್ಲರೂ ಕೂಡಿ ಊಟ ಮಾಡೋಣ, ಮಾತಾಡೋಣ ಅಂತ ಹೇಳಿದೆ. ಹೋಳಿಗೆ, ಬದನೆಕಾಯಿ ಎಣ್ಣೆಗಾಯಿ, ಎರಡು ಥರ ಪಲ್ಯ ಮಾಡಿದೆ. ಮನೆಯವರು ಬಂದಾಗ ಹನ್ನೊಂದೂಕಾಲು. ಮಗಳು ನಿದ್ದೆ ಹೋಗಿದ್ದಳು. ಮಗ ಫೋನ್ ನೋಡುತ್ತಲೇ ಉಂಡು ಎದ್ದ. ಅತ್ತೆ ‘ಇದೇನು ಹೊಸ ಪದ್ಧತಿ’ ಅಂದರು. ಭಾಂಡೆ ತಿಕ್ಕುತ್ತ ಅಳು ಬಂತು. ನಮ್ಮಂಥ ಮನೆಯಲ್ಲಿ ಇದು ಆಗೋ ಮಾತಾ? ಮಗನ ಪರೀಕ್ಷೆ ಮುಗಿಯಲಿ ಅಂತ ಬಿಟ್ಟುಬಿಡಲಾ?

— ಹೆಸರು ಬೇಡ, ಕಲಬುರಗಿ

ಉತ್ತರ:

ತಂಗೀ, ಖಂಡಿತ ಆಗುತ್ತದೆ. ಮಗನ ಪರೀಕ್ಷೆ ಮುಗಿಯಲಿ ಅಂತ ಕಾಯುವುದು ಬೇಡ. ಪರೀಕ್ಷೆ ಆದ ಮೇಲೆ ಅವನು ಸೀಟು ಸಿಕ್ಕ ಊರಿಗೆ ಹೋಗುತ್ತಾನೆ. ಐದೂ ಜನ ಒಂದೇ ಸೂರಿನ ಕೆಳಗೆ ಇರುವ ಕೊನೆಯ ವರ್ಷ ಇದೇ ಇರಬಹುದು. ಹಾಗಾಗಿ ಈಗಲೇ ಶುರು ಮಾಡಿ.

ಮೊದಲು ಆ ರವಿವಾರದ ವಿಚಾರ. ನಿಮ್ಮ ಪತ್ರ ಓದುವಾಗ ನನಗೆ ಕಂಡಿದ್ದು ಏನೆಂದರೆ, ಅವತ್ತಿನ ಎಲ್ಲ ಕೆಲಸವನ್ನೂ ಮಾಡಿದವರು ನೀವೊಬ್ಬರೇ. ಯೋಚನೆ ಮಾಡಿದ್ದು ನೀವು, ಎಲ್ಲರಿಗೂ ಹೇಳಿದ್ದು ನೀವು, ಹೂರಣ ರುಬ್ಬಿದ್ದು, ಲಟ್ಟಿಸಿದ್ದು, ಬಡಿಸಿದ್ದು, ಕೊನೆಗೆ ಭಾಂಡೆ ತಿಕ್ಕಿದ್ದೂ ನೀವೇ. ಉಳಿದವರಿಗೆ ಅದು ಎಂದಿನಂಥ ಊಟ, ಸ್ವಲ್ಪ ತಡವಾಗಿ, ಸ್ವಲ್ಪ ಜಾಸ್ತಿ ರುಚಿಯಾಗಿ ಬಂತು, ಅಷ್ಟೇ. ಅವರು ಅದರಲ್ಲಿ ಪಾಲುದಾರರೇ ಆಗಿರಲಿಲ್ಲ. ಕೇಂದ್ರ ಸರ್ಕಾರದ ಅಂಕಿಅಂಶ ಕಚೇರಿ 2024ರಲ್ಲಿ ದೇಶದ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಅಂತ ಸಮೀಕ್ಷೆ ಮಾಡಿತ್ತು. ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಈ ಲೆಕ್ಕ ಇಟ್ಟುಕೊಂಡು ಯೋಚಿಸಿ. ಆಗಲೇ ಐದು ತಾಸು ಮನೆಗೆಲಸ ಇರುವವರ ತಲೆ ಮೇಲೆ ‘ಎಲ್ಲರೂ ಕೂಡುವ ರಾತ್ರಿ’ ಅನ್ನುವ ಇನ್ನೊಂದು ಕೆಲಸ ಹೇರಿದರೆ ಅದು ಎಷ್ಟು ವಾರ ನಡೆದೀತು?

ಅದಕ್ಕೆ ನನ್ನ ಒಂದೇ ಒಂದು ಗಟ್ಟಿ ಷರತ್ತು. ಎಲ್ಲರೂ ಕೂಡುವ ಆ ಹೊತ್ತಿಗಾಗಿ ನೀವು ಒಂದು ಕೆಲಸವನ್ನೂ ಹೊಸದಾಗಿ ಮಾಡಬಾರದು. ಒಂದು ಕೆಲಸ ಕಡಿಮೆಯಾದರೆ ಇನ್ನೂ ಚಲೋ. ಇದು ನಿಮ್ಮ ಮೇಲಿನ ಕರುಣೆಯಿಂದ ಹೇಳುತ್ತಿರುವ ಮಾತಲ್ಲ. ಅಮ್ಮ ದಣಿದು ಮುಖ ಬಾಡಿಸಿಕೊಂಡು ಕೂತರೆ ಮಕ್ಕಳಿಗೆ ಆ ಹೊತ್ತು ಯಾವಾಗ ಮುಗಿಯುತ್ತದೋ ಅನಿಸುತ್ತದೆ. ಅಮ್ಮ ಆರಾಮಾಗಿ ಕಾಲು ಚಾಚಿ ಕೂತರೆ ಅವರೂ ಕೂರುತ್ತಾರೆ.

ಈಗ ದಿನ ಗೊತ್ತು ಮಾಡೋಣ. ‘ಪ್ರತಿ ರವಿವಾರ ರಾತ್ರಿ’ ಅನ್ನುವುದು ದಿನವೂ ಒಂದೇ ವೇಳೆಗೆ ಕೆಲಸ ಇರುವ ಮನೆಗಳಿಗೆ ಸರಿ. ಶಿಫ್ಟ್ ಇರುವ ಮನೆಗೆ ಅದು ಮೂರು ವಾರಕ್ಕೊಮ್ಮೆ ಕೈಕೊಡುತ್ತದೆ. ಕೈಕೊಟ್ಟ ವಾರ ಯಾರದೋ ಮೇಲೆ ಸಿಟ್ಟು ಬರುತ್ತದೆ. ನೀವು ಬರೆದ ವೇಳೆಗಳನ್ನು ನಾನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದೆ.

ಮುಂಜಾನೆ ಶಿಫ್ಟ್ ವಾರದಲ್ಲಿ ನಿಮ್ಮ ಮನೆಯವರು ನಸುಕಿನಲ್ಲೇ ಮನೆ ಬಿಡುತ್ತಾರೆ, ಮಧ್ಯಾಹ್ನ ಮೂರು ಮೂರೂವರೆಗೆ ಬಂದು ಒಂದು ನಿದ್ದೆ ತೆಗೆಯುತ್ತಾರೆ. ರಾತ್ರಿ ಒಂಬತ್ತರ ಮೇಲೆ ಅವರನ್ನು ಕೂರಿಸಬಾರದು, ಮರುದಿನ ಮತ್ತೆ ನಸುಕಿಗೆ ಏಳಬೇಕು. ರಾತ್ರಿ ಶಿಫ್ಟ್ ವಾರದಲ್ಲಿ ಎಂಟೂವರೆ ಹೊತ್ತಿಗೆ ಹೊರಡಬೇಕು. ಮಗ ಏಳಕ್ಕೆ ಬರುತ್ತಾನೆ. ಅತ್ತೆಯವರ ಸೀರಿಯಲ್ ಎಂಟಕ್ಕೆ. ಅಂದರೆ ಈ ಎರಡೂ ವಾರಗಳಲ್ಲಿ ಏಳೂಕಾಲಿನಿಂದ ಎಂಟರ ತನಕ ಐದೂ ಜನ ಎಚ್ಚರವಾಗಿ ಮನೆಯಲ್ಲೇ ಇರುತ್ತೀರಿ. ಮುಕ್ಕಾಲು ತಾಸು. ಯಾರ ನಿದ್ದೆಯನ್ನೂ ಕದಿಯಬೇಕಿಲ್ಲ, ಯಾರ ಸೀರಿಯಲನ್ನೂ ಬಂದ್ ಮಾಡಬೇಕಿಲ್ಲ.

ತೊಂದರೆ ಇರುವುದು ಮಧ್ಯಾಹ್ನದ ಶಿಫ್ಟ್ ವಾರದಲ್ಲಿ. ಆ ವಾರ ಸಂಜೆ ಅನ್ನುವುದನ್ನೇ ಮರೆತುಬಿಡಿ. ಹನ್ನೊಂದೂಕಾಲಿಗೆ ಬರುವ ಮನುಷ್ಯನನ್ನು ಕಾಯುತ್ತ ಮಗಳು ಎದ್ದಿರುವುದು ಬೇಡವೇ ಬೇಡ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ 9ರಿಂದ 12 ತಾಸು, ಹದಿಮೂರರಿಂದ ಹದಿನೆಂಟರವರಿಗೆ 8ರಿಂದ 10 ತಾಸು ನಿದ್ದೆ ಬೇಕು ಅಂತ ನಿದ್ರಾ ತಜ್ಞರು ಹೇಳುತ್ತಾರೆ. ಪರೀಕ್ಷೆಗೆ ಓದುವ ಹುಡುಗನಿಗೂ ಅಷ್ಟೇ ಬೇಕು. ಆ ವಾರ ರವಿವಾರ ಮುಂಜಾನೆ ನಾಷ್ಟಾ ಹೊತ್ತಿಗೆ ಕೂಡಿ. ಅವರು ಮನೆ ಬಿಡುವುದು ಮಧ್ಯಾಹ್ನದ ಹೊತ್ತಿಗೆ. ಎಂಟೂವರೆಯಿಂದ ಒಂಬತ್ತೂಕಾಲು ಆರಾಮಾಗಿ ಸಿಗುತ್ತದೆ. ಅವರ ವಾರದ ರಜೆ ಆ ವಾರದಲ್ಲೇ ಬಿದ್ದರೆ ಅವತ್ತಿನ ಸಂಜೆ ಏಳೂಕಾಲೇ ಆಯಿತು. ಕೂಡುವುದಕ್ಕೆ ರಾತ್ರಿಯೇ ಆಗಬೇಕು ಅಂತ ಯಾರೂ ಹೇಳಿಲ್ಲ.

ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುತ್ತೀರಿ ಅಲ್ವಾ? ಅದರಲ್ಲೇ ಕೆಲಸ ಮುಗಿಯುತ್ತದೆ. ಹೊಸ ಶಿಫ್ಟ್ ಚೀಟಿ ಬಂದ ದಿನ ನಿಮ್ಮ ಮನೆಯವರೇ ಪೆನ್ಸಿಲ್ಲಿನಲ್ಲಿ ಬರೆಯಲಿ. ಎ, ಬಿ, ಸಿ ಅಂತ ಒಂದೊಂದು ವಾರಕ್ಕೆ ಒಂದೊಂದು ಅಕ್ಷರ. ನೀರು ಬರುವ ದಿನಕ್ಕೆ ಮಗಳು ‘ನೀ’ ಅಂತ ಬರೆಯಲಿ. ಮಗ ತನ್ನ ಟೆಸ್ಟ್ ಇರುವ ದಿನಕ್ಕೆ ಅಡ್ಡಗೆರೆ ಹಾಕಲಿ. ಆಮೇಲೆ ಖಾಲಿ ಉಳಿದ ಒಂದು ದಿನಕ್ಕೆ ಸುತ್ತು ಹಾಕಿ. ನೋಡಿ, ದಿನ ಆರಿಸಿದ್ದು ಯಾರು? ಎಲ್ಲರೂ. ‘ಅಮ್ಮ ಹೇಳಿದಳು ಅಂತ ಕೂತೆವು’ ಅನ್ನುವುದು ಅಲ್ಲಿಗೆ ಹೋಯಿತು. ನೀರಿನ ದಿನ ಮಾತ್ರ ಯಾವ ಕಾರಣಕ್ಕೂ ಇಟ್ಟುಕೊಳ್ಳಬೇಡಿ. ಒಂದು ಕಿವಿ ನಳದ ಕಡೆ, ಒಂದು ಕಣ್ಣು ಟಾಕಿಯ ಕಡೆ ಇದ್ದರೆ ಯಾರ ಮಾತೂ ತಲೆಗೆ ಹೋಗುವುದಿಲ್ಲ.

ಅತ್ತೆಯವರು ‘ಇದೇನು ಹೊಸ ಪದ್ಧತಿ’ ಅಂದರು ಅಂತ ಬರೆದಿದ್ದೀರಿ. ಅವರಿಗೆ ಗೊತ್ತಿರುವ ಹಳೆಯ ಪದ್ಧತಿಯನ್ನೇ ನೆನಪಿಸಿ. ನಮ್ಮ ಕಡೆ ಎಳ್ಳ ಅಮಾವಾಸ್ಯೆ ದಿನ ಯಾರಾದರೂ ‘ಟೈಮಿಲ್ಲ’ ಅಂದದ್ದು ಕೇಳಿದ್ದೀರಾ? ಸೇಡಂ, ಚಿತ್ತಾಪುರ, ಆಳಂದ, ಅಫಜಲಪುರ, ಎಲ್ಲಿ ಹೊಲವಿದ್ದರೂ ಮನೆಮಂದಿ ಹೋಗುತ್ತಾರೆ. ಸ್ವಂತ ಹೊಲ ಇಲ್ಲದವರನ್ನು ಹೊಲ ಇದ್ದವರು ಕರೆಯುತ್ತಾರೆ. ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹಿಂಡಿ, ಕಡುಬು ಬುತ್ತಿ ಕಟ್ಟಿಕೊಂಡು ಹೋಗಿ, ಪೂಜೆ ಮಾಡಿ, ಬೆಳೆಗೆ ನೈವೇದ್ಯವಾಗಿ ಚರಗ ಚೆಲ್ಲಿ, ಜೋಳದ ಬೆಳೆಯ ನಡುವೆ ಸಾಲಾಗಿ ಕೂತು ಉಣ್ಣುತ್ತಾರೆ. ವರ್ಷದುದ್ದಕ್ಕೂ ಒಬ್ಬರ ಮುಖ ಒಬ್ಬರು ನೋಡದವರೂ ಅವತ್ತು ಒಟ್ಟಿಗೆ ಇರುತ್ತಾರೆ.

ಅದು ನಡೆಯುವುದಕ್ಕೆ ಕಾರಣ ಇದೆ. ದಿನವನ್ನು ಯಾರೂ ಹೊಸದಾಗಿ ಚರ್ಚೆ ಮಾಡುವುದಿಲ್ಲ, ಅದು ಪಂಚಾಂಗದಲ್ಲಿ ಇರುತ್ತದೆ. ಏನು ಉಣ್ಣಬೇಕು ಅನ್ನುವುದೂ ಗೊತ್ತು. ಯಾರು ಬುತ್ತಿ ಹೊರುತ್ತಾರೆ, ಯಾರು ನೀರು ತರುತ್ತಾರೆ, ಯಾರು ಚರಗ ಚೆಲ್ಲುತ್ತಾರೆ ಅನ್ನುವುದೂ ಗೊತ್ತು. ಅಡುಗೆಯ ಭಾರ ಹೆಂಗಸರ ಮೇಲೆ ಜಾಸ್ತಿ ಬೀಳುತ್ತದೆ, ಅದು ನಿಜ. ಆದರೆ ನಾಲ್ಕು ಹೆಂಗಸರು ಕೂಡಿ ರೊಟ್ಟಿ ಬಡಿಯುತ್ತಾರೆ, ಒಬ್ಬಳ ತಲೆ ಮೇಲೆ ಇರುವುದಿಲ್ಲ. ಅತ್ತೆಯವರಿಗೆ ‘ಅತ್ತಿ, ಎಳ್ಳ ಅಮಾಸಿ ಥರ ವಾರಕ್ಕೊಮ್ಮೆ ಸ್ವಲ್ಪ ಹೊತ್ತು ಮನಿಯಾಗ ಕೂಡೋಣು’ ಅಂದರೆ ಅವರಿಗೆ ಆ ಮಾತು ಪರಕೀಯ ಅನಿಸುವುದಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞೆ ಬಾರ್ಬರಾ ಫೀಸ್ ಮತ್ತು ಸಂಗಡಿಗರು 2002ರಲ್ಲಿ ಒಂದು ಕೆಲಸ ಮಾಡಿದರು. ಅದಕ್ಕೂ ಹಿಂದಿನ ಐವತ್ತು ವರ್ಷಗಳಲ್ಲಿ ಕುಟುಂಬದ ರೂಢಿಗಳ ಬಗ್ಗೆ ನಡೆದ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಓದಿದರು. ಮಾಡಿ ಮುಗಿಸಿ ಮರೆಯುವ ದಿನಚರಿ ಬೇರೆ, ಮುಗಿದ ಮೇಲೂ ಮನಸ್ಸಿನಲ್ಲಿ ಉಳಿದು ‘ಇದು ನಮ್ಮ ಮನೆ’ ಅನ್ನುವ ಭಾವನೆ ಕೊಡುವ ಆಚರಣೆ ಬೇರೆ ಅಂತ ಅವರು ಬಿಡಿಸಿ ಹೇಳುತ್ತಾರೆ. ಎರಡೂ ಬೇಕು. ನಿಮ್ಮ ಮನೆಯಲ್ಲಿ ಮೊದಲನೆಯದು ಬೇಕಾದಷ್ಟಿದೆ, ಎಲ್ಲವೂ ಗಡಿಯಾರದ ಮುಳ್ಳಿಗೆ ಸರಿಯಾಗಿ ನಡೆಯುತ್ತಿದೆ. ಎರಡನೆಯದಕ್ಕೆ ಮುಕ್ಕಾಲು ತಾಸು ಸಾಕು, ತಪ್ಪದೆ ಬಂದರೆ.

ಆ ಮುಕ್ಕಾಲು ತಾಸಿನಲ್ಲಿ ಏನು ತಿನ್ನುವುದು? ಹೋಳಿಗೆಯನ್ನು ಹಬ್ಬಕ್ಕೆ ಬಿಡಿ. ನೀವು ಆರೂವರೆಗೆ ಬಂದು ಏಳೂಕಾಲಿಗೆ ಕೂರಬೇಕು ಅಂದರೆ ಒಲೆಯ ಮುಂದೆ ನಿಲ್ಲುವ ಮಾತೇ ಬರಬಾರದು. ಓಣಿಯಲ್ಲಿ ರೊಟ್ಟಿ ಮಾಡಿ ಮಾರುವ ಅಕ್ಕಂದಿರು ನಮ್ಮ ಊರಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವತ್ತು ಅವರ ಹತ್ತಿರವೇ ರೊಟ್ಟಿ ತರಿಸಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ. ಇಷ್ಟಿದ್ದರೆ ಕಲಬುರಗಿಯವರಿಗೆ ಊಟ ಆಯಿತು. ಮುಂಜಾನೆ ಶಿಫ್ಟ್ ವಾರದಲ್ಲಿ ನಿಮ್ಮ ಮನೆಯವರು ನಿದ್ದೆ ಮುಗಿಸಿ ಎದ್ದು ಕುಕ್ಕರಿನಲ್ಲಿ ಅನ್ನ ಇಡಬಹುದು, ತೊಗರಿಬೇಳೆ ಬೇಯಿಸಬಹುದು. ಬರುವುದಿಲ್ಲ ಅಂದರೆ ಒಮ್ಮೆ ತೋರಿಸಿಕೊಡಿ. ಕುಕ್ಕರಿನ ಸೀಟಿ ಎಣಿಸುವುದು ಕಠಿಣ ಕೆಲಸವಲ್ಲ.

ಮಕ್ಕಳಿಗೆ ಚುರುಮುರಿ ಸುಸಲಾ ಮಾಡಲು ಹೇಳಿ. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಹದಿಹರೆಯದ ಹುಡುಗರು ಎದುರುಬದುರು ಕೂತರೆ ಬಾಯಿ ಬಿಡುವುದಿಲ್ಲ, ಪಕ್ಕಪಕ್ಕದಲ್ಲಿ ನಿಂತು ಕೈ ಕೆಲಸ ಮಾಡುವಾಗ ಬಿಡುತ್ತಾರೆ. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಮಗ ಹೆಚ್ಚಲಿ. ಪುಠಾಣಿಯನ್ನು ಮಗಳು ಮಿಕ್ಸರಿನಲ್ಲಿ ಪುಡಿ ಮಾಡಲಿ. ಎಣ್ಣೆ, ಸಾಸಿವೆ, ಜೀರಿಗೆ, ಕರಿಬೇವು, ಶೇಂಗಾ, ಆಮೇಲೆ ಉಳ್ಳಾಗಡ್ಡಿ, ಅರಿಶಿಣ. ಚುರುಮುರಿಯನ್ನು ನೀರಿನಲ್ಲಿ ಹಾಕಿದ ತಕ್ಷಣ ಎರಡೂ ಕೈಯಲ್ಲಿ ಎತ್ತಿ ಹಿಂಡಬೇಕು. ಅರೆ ಕ್ಷಣ ತಡವಾದರೂ ಮುದ್ದೆಯಾಗುತ್ತದೆ. ಆ ಗಡಿಬಿಡಿಯೇ ಮಜಾ. ಒಬ್ಬ ಹಿಂಡಬೇಕು, ಇನ್ನೊಬ್ಬಳು ಒಗ್ಗರಣೆ ಕೈಯಾಡಿಸಬೇಕು. ಮೇಲೆ ಪುಠಾಣಿ ಪುಡಿ, ಕೊತ್ತಂಬರಿ, ಲಿಂಬೆಹಣ್ಣು. ಹದಿನೈದು ನಿಮಿಷದ ಕೆಲಸ. ನೀವು ಅಡುಗೆಮನೆ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಚಾ ಕುಡಿಯುತ್ತ ಕೂರಿ. ಉಪ್ಪು ಕಡಿಮೆ ಆಯಿತು, ಮುದ್ದೆ ಆಯಿತು ಅಂತ ಎದ್ದು ಹೋಗಿ ಸರಿ ಮಾಡಬೇಡಿ. ಅಣ್ಣತಂಗಿ ಮಾಡಿದ್ದನ್ನು ಹಾಗೇ ತಿನ್ನಿ.

ಅತ್ತೆಯವರನ್ನು ಕೂಡಿಸುವುದು ಹೇಗೆ ಅಂದರೆ, ಕರೆದು ಕೂರಿಸಿದರೆ ಸಾಲದು, ಅವರ ಕೈಯಲ್ಲೇ ಏನಾದರೂ ಕೊಡಬೇಕು. ಹಿರಿಯರಿಗೆ ಮನೆಯಲ್ಲಿ ತಮ್ಮ ಮಾತಿಗೆ ಈಗ ಜಾಗ ಇಲ್ಲ ಅನ್ನುವ ಕೊರಗು ಇರುತ್ತದೆ. ಟಿವಿ ಅಷ್ಟು ಹತ್ತಿರವಾಗುವುದು ಅದಕ್ಕೇ. ಅವರಿಗೆ ಚೌಕಾಬಾರ ಗೊತ್ತಿರುತ್ತದೆ. ಮೊಮ್ಮಗಳಿಗೆ ಕಲಿಸಲಿ. ನಮ್ಮ ಮನೆಗಳ ನೆಲ ಶಹಾಬಾದ್ ಫರಸಿಯದು. ಒಂದು ಸೀಮೆಸುಣ್ಣದ ತುಂಡು ಸಿಕ್ಕರೆ ಐದು ಸಾಲು ಐದು ಮನೆ ನೆಲದ ಮೇಲೆಯೇ ಬರೆಯಬಹುದು, ಆಟ ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಆಯಿತು. ಕವಡೆ ಇಲ್ಲದಿದ್ದರೆ ಹುಣಸೆ ಬೀಜ. ನಾಲ್ಕು ಬೀಜ ತೆಗೆದುಕೊಂಡು ಒಂದು ಮಗ್ಗುಲನ್ನು ಒರಟು ಕಲ್ಲಿಗೆ ತಿಕ್ಕಬೇಕು. ಕಂದು ಸಿಪ್ಪೆ ಹೋಗಿ ಒಳಗಿನ ಬಿಳಿ ಕಾಣುವ ತನಕ. ನಾಲ್ಕೂ ಬಿಳಿ ಮೇಲೆ ಬಿದ್ದರೆ ಚೌಕ, ನಾಲ್ಕು ಮನೆ. ನಾಲ್ಕೂ ಬೋರಲು ಬಿದ್ದರೆ ಬಾರ, ಎಂಟು ಮನೆ. ಬೀಜ ತಿಕ್ಕುವುದನ್ನು ಅಜ್ಜಿ ಮೊಮ್ಮಗಳು ಮಧ್ಯಾಹ್ನವೇ ಮಾಡಿಟ್ಟರೆ ಅವತ್ತಿನ ಕೂಟ ಅಲ್ಲಿಂದಲೇ ಶುರು. ನೀವು ಐದು ಜನ, ಆಟಕ್ಕೆ ನಾಲ್ಕು ಮಂದಿ. ಮಗಳು ಅಜ್ಜಿಯ ಜೋಡಿಯಾಗಲಿ.

ಆಟ ಬೇಡ ಅನಿಸಿದ ವಾರ ಒಡಪು ಕೇಳಿ. ಮದುವೆಯಲ್ಲಿ ಗಂಡನ ಹೆಸರನ್ನು ಒಡಪು ಕಟ್ಟಿ ಹೇಳಿದ್ದು ಅತ್ತೆಯವರಿಗೆ ಇನ್ನೂ ನೆನಪಿರುತ್ತದೆ. ಮೊಮ್ಮಕ್ಕಳ ಮುಂದೆ ಹೇಳುವಾಗ ಅವರ ಮುಖ ನೋಡಿ. ನಿಮ್ಮ ಮನೆಯವರಿಗೂ ಒಂದು ಹೇಳಿ ಅಂತ ಗಂಟುಬೀಳಿ. ಮಗಳು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲಿ. ಇಂಥವು ಈಗ ಹಿರಿಯರ ಬಾಯಲ್ಲಿ ಮಾತ್ರ ಉಳಿದಿವೆ, ಅವರ ಜೊತೆಗೇ ಹೋಗುತ್ತಿವೆ ಅನ್ನುವುದು ನನಗೆ ನಿಜಕ್ಕೂ ಸಂಕಟದ ಸಂಗತಿ.

ಫೋನಿನ ವಿಷಯಕ್ಕೆ ಬಂದರೆ, ‘ಎಲ್ಲರ ಫೋನೂ ಸ್ವಿಚ್ ಆಫ್’ ಅನ್ನುವ ಕಾನೂನು ನಿಮ್ಮ ಮನೆಯಲ್ಲಿ ನಡೆಯುವುದಿಲ್ಲ. ಪ್ಲಾಂಟಿನಲ್ಲಿ ಏನಾದರೂ ಕೆಟ್ಟರೆ ನಿಮ್ಮ ಮನೆಯವರಿಗೆ ಕರೆ ಬರುತ್ತದೆ, ಎತ್ತಲೇಬೇಕು. ಅವರೊಬ್ಬರಿಗೆ ವಿನಾಯಿತಿ ಕೊಟ್ಟರೆ ಮಗ ಒಪ್ಪುವುದಿಲ್ಲ. ಅದಕ್ಕೆ ಎಲ್ಲರ ಫೋನೂ ಫ್ರಿಜ್ ಮೇಲೆ ಇರಲಿ, ದನಿ ಜೋರಾಗಿ ಇರಲಿ. ಕರೆ ಬಂದರೆ ಹೋಗಿ ಎತ್ತಬಹುದು. ಮೆಸೇಜು, ರೀಲ್ಸ್‌ಗೆ ಎಂಟರ ತನಕ ತಡೆ. ಮೊದಲು ಇಡುವವರು ನೀವಿಬ್ಬರು. ಕಚೇರಿಯ ಗುಂಪಿನಲ್ಲಿ ಏನು ಬಂತು ಅಂತ ನೀವೇ ನಡುನಡುವೆ ಎದ್ದು ನೋಡಿದರೆ ಮಗನಿಗೆ ಹೇಳುವ ಹಕ್ಕು ಉಳಿಯುವುದಿಲ್ಲ.

ಮಗನ ಬಗ್ಗೆ ಬಹಳ ಎಚ್ಚರಿಕೆಯಿಂದ ಹೇಳಬೇಕು. ವಾರಕ್ಕೆ ಮುಕ್ಕಾಲು ತಾಸು ಮನೆಯವರ ಜೊತೆ ಕೂತದ್ದಕ್ಕೆ ಯಾರಿಗೂ ಸೀಟು ತಪ್ಪಿಲ್ಲ. ಆದರೆ ಅವನಿಗೆ ಹಾಗೆ ಅನಿಸುತ್ತಿರಬಹುದು. ಅವನ ಸುತ್ತ ದಿನವಿಡೀ ರ‍್ಯಾಂಕ್, ಕಟ್ ಆಫ್, ಮಾಕ್ ಟೆಸ್ಟ್ ಮಾತೇ. ಅದಕ್ಕೇ ಆ ಹೊತ್ತಿನಲ್ಲಿ ಮೂರು ಮಾತು ಬರಬಾರದು ಅಂತ ಎಲ್ಲರೂ ಒಪ್ಪಿಕೊಳ್ಳಿ. ಅಂಕದ ಮಾತು, ಸಾಲದ ಮಾತು, ಬೇರೆಯವರ ಮಕ್ಕಳ ಮಾತು. ‘ನಿಮ್ಮ ಕಾಕಾನ ಮಗನಿಗೆ ಎಷ್ಟು ಬಂತು ಗೊತ್ತಾ’ ಅನ್ನುವ ಒಂದು ವಾಕ್ಯ ಸಾಕು, ಹುಡುಗ ಮುಂದಿನ ವಾರ ಬಾಗಿಲು ತೆಗೆಯುವುದಿಲ್ಲ. ಅವನು ಸುಮ್ನೆ ಕೂತರೆ ಸುಮ್ನೆ ಕೂರಲಿ. ‘ಯಾಕೋ ಮಾತಾಡವಲ್ಲಿ’ ಅಂತ ಕೆದಕಬೇಡಿ. ಇಪ್ಪತ್ತು ನಿಮಿಷಕ್ಕೆ ಎದ್ದು ಹೋಗುತ್ತೇನೆ ಅಂದರೆ ಕಳಿಸಿ. ಪರೀಕ್ಷೆಯ ತಿಂಗಳಲ್ಲಿ ಅವನಿಗೆ ಪೂರ್ತಿ ರಜೆ ಕೊಡಿ, ಆದರೆ ನೀವು ನಾಲ್ವರು ಕೂರುವುದನ್ನು ನಿಲ್ಲಿಸಬೇಡಿ. ಒಂದು ತಟ್ಟೆ ಸುಸಲಾ ಅವನ ಕೋಣೆಗೆ ಹೋಗಲಿ. ತಾನು ಇಲ್ಲದಿದ್ದರೂ ತನ್ನ ಜಾಗ ಹಾಗೇ ಇದೆ ಅನ್ನುವುದು ಅವನಿಗೆ ಗೊತ್ತಾಗಬೇಕು.

ನಿಮ್ಮ ಮನೆಯವರ ಬಗ್ಗೆ ಪತ್ರದಲ್ಲಿ ಜಾಸ್ತಿ ಇಲ್ಲ, ‘ತಡವಾಗಿ ಬಂದರು’ ಅಂತ ಅಷ್ಟೇ ಇದೆ. ಅವರ ಪರವಾಗಿಯೂ ಒಂದು ಮಾತು ಹೇಳಬೇಕು. ವಾರಕ್ಕೊಮ್ಮೆ ಶಿಫ್ಟ್ ಬದಲಾಗುವ ಮನುಷ್ಯನ ಮೈಗೆ ಹಗಲು ಯಾವುದು ರಾತ್ರಿ ಯಾವುದು ಅನ್ನುವುದೇ ಗೊಂದಲ. ಒಂದು ವೇಳೆಗೆ ಒಗ್ಗುವಷ್ಟರಲ್ಲಿ ಮುಂದಿನದು ಬಂದಿರುತ್ತದೆ. ರಾತ್ರಿ ಶಿಫ್ಟ್ ಮುಗಿಸಿ ಹಗಲು ಮಲಗಿದವರ ನಿದ್ದೆ ರಾತ್ರಿಯ ನಿದ್ದೆಯಷ್ಟು ಉದ್ದವೂ ಇರುವುದಿಲ್ಲ, ಗಾಢವೂ ಇರುವುದಿಲ್ಲ. ಬೆಳಕು, ಶೆಕೆ, ತರಕಾರಿ ಗಾಡಿಯವನ ಕೂಗು, ಎಲ್ಲ ಸೇರಿ ನಡುನಡುವೆ ಎಚ್ಚರ ಮಾಡುತ್ತವೆ. ಅವರು ಸಿಡುಕಿದರೆ ಅದರಲ್ಲಿ ಅರ್ಧ ನಿದ್ದೆಗೇಡಿನ ಸಿಡುಕು. ಅದಕ್ಕೆ ರಾತ್ರಿ ಶಿಫ್ಟ್ ವಾರದಲ್ಲಿ ಕೂಡುವುದಕ್ಕಾಗಿ ಅವರನ್ನು ಬೇಗ ಎಬ್ಬಿಸಬೇಡಿ. ಆ ವಾರದ ಮೊದಲ ದಿನ ಬೇಡ, ಮೂರನೆಯ ನಾಲ್ಕನೆಯ ದಿನ ಇಟ್ಟುಕೊಳ್ಳಿ. ಅಷ್ಟರಲ್ಲಿ ಅವರೂ ಸ್ವಲ್ಪ ಹದಕ್ಕೆ ಬಂದಿರುತ್ತಾರೆ. ಈ ಎಲ್ಲ ವಿಷಯವನ್ನು ಅವರ ಹತ್ತಿರ ಮಾತಾಡುವುದೂ ಶಿಫ್ಟ್‌ನಿಂದ ಬಂದ ತಕ್ಷಣ ಬೇಡ. ರಜೆಯ ದಿನ ಚಾ ಕೊಟ್ಟು, ‘ವಾರದಾಗ ಒಂದ್ಸಲ ನೀವು ಮಕ್ಕಳ ಜೋಡಿ ಕೂಡಬೇಕು, ಅದಕ್ಕ ದಿನ ನೀವೇ ಹೇಳ್ರಿ’ ಅಂತ ಕೇಳಿ. ‘ನಿಮಗೆ ಮನೆ ಕಡೆ ಲಕ್ಷ್ಯವೇ ಇಲ್ಲ’ ಅಂತ ಶುರು ಮಾಡಿದರೆ ಮಾತು ಬೇರೆ ದಾರಿ ಹಿಡಿಯುತ್ತದೆ.

ಬೇಸಿಗೆಯನ್ನು ಮಾತ್ರ ಕೈಬಿಡಬೇಡಿ. ಏಪ್ರಿಲ್, ಮೇನಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಮುಂಜಾನೆ 8ರಿಂದ ಮಧ್ಯಾಹ್ನ 1.30ರ ತನಕ. ಬಿಸಿಲಿನ ದೆಸೆಯಿಂದ ಬಂದ ವ್ಯವಸ್ಥೆ, ಆದರೆ ನಿಮ್ಮ ಕೈಗೆ ಸಂಜೆಗಳನ್ನು ಕೊಡುತ್ತದೆ. ಮಕ್ಕಳಿಗೂ ಶಾಲೆ ಇರುವುದಿಲ್ಲ. ಬಿಸಿಲು ಇಳಿದ ಮೇಲೆ ಮಾಳಿಗೆಗೆ ನೀರು ಹೊಡೆದು ಚಾಪೆ ಹಾಸಿದರೆ ಅದಕ್ಕಿಂತ ಒಳ್ಳೆಯ ಜಾಗ ಬೇಡ. ಕಲ್ಲಂಗಡಿ ಕೊಯ್ದಿಟ್ಟುಕೊಂಡರೆ ಅಡುಗೆಯೂ ಬೇಡ. ಮಾಳಿಗೆಯ ಮೇಲೆ ಟಿವಿ ಇಲ್ಲ ಅನ್ನುವುದು ಇನ್ನೊಂದು ಲಾಭ. ಉಳಿದ ತಿಂಗಳುಗಳಲ್ಲಿ ಎರಡನೇ ಮತ್ತು ನಾಲ್ಕನೇ ಶನಿವಾರ ನಿಮಗೆ ರಜೆ. ಅವನ್ನೂ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಶರಣಬಸವೇಶ್ವರ ಗುಡಿಗೆ ಹೋಗಿ ಕೆರೆಯ ಕಡೆ ಒಂದು ಸುತ್ತು ತಿರುಗಿ ಬಂದರೆ ಅದೂ ಅವತ್ತಿನ ಕೂಟವೇ.

ಕೆಲವು ವಾರ ತಪ್ಪುತ್ತದೆ. ಮದುವೆ, ದವಾಖಾನೆ, ಓವರ್‌ಟೈಮ್, ಆಡಿಟ್ ಏನಾದರೂ ಬರುತ್ತದೆ. ತಪ್ಪಿದ್ದನ್ನು ಮುಂದಿನ ವಾರಕ್ಕೆ ಸೇರಿಸಿ ಒಂದೂವರೆ ತಾಸು ಕೂರಿಸಬೇಡಿ. ಹೋದದ್ದು ಹೋಯಿತು. ಸತತ ಮೂರು ವಾರ ತಪ್ಪಿದರೆ ಮುಕ್ಕಾಲು ತಾಸು ನಿಮ್ಮ ಮನೆಗೆ ಜಾಸ್ತಿ ಆಯಿತು ಅಂತ ಅರ್ಥ. ಹದಿನೈದು ನಿಮಿಷಕ್ಕೆ ಇಳಿಸಿ. ಎಲ್ಲರೂ ಒಟ್ಟಿಗೆ ಒಂದು ಚಾ ಕುಡಿಯುವಷ್ಟು ಹೊತ್ತು ಯಾವ ಶಿಫ್ಟಿನಲ್ಲೂ ಸಿಗುತ್ತದೆ.

ಕೊನೆಯದಾಗಿ, ಮಗ ಮಾತು ಕಡಿಮೆ ಮಾಡಿದ್ದಾನೆ ಅಂತ ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ನನಗೆ ಆ ಸಾಲು ಬಿಟ್ಟು ಮುಂದೆ ಹೋಗಲು ಆಗಲಿಲ್ಲ. ಓದಿನ ಒತ್ತಡದಲ್ಲಿ ಮಾತು ಕಡಿಮೆಯಾಗುವುದು ಸಾಮಾನ್ಯ, ಆ ವಯಸ್ಸಿನಲ್ಲಿ ಬಾಗಿಲು ಹಾಕಿಕೊಳ್ಳುವುದೂ ಸಾಮಾನ್ಯ. ಆದರೆ ಊಟ ಬಿಡುತ್ತಿದ್ದರೆ, ರಾತ್ರಿ ನಿದ್ದೆ ಇಲ್ಲದಿದ್ದರೆ, ಮೊದಲು ಇಷ್ಟವಿದ್ದ ಆಟ, ಗೆಳೆಯರು ಯಾವುದೂ ಬೇಡವಾಗಿದ್ದರೆ, ‘ನನ್ನಿಂದ ಏನೂ ಆಗೋದಿಲ್ಲ’, ‘ನಾನು ಇದ್ದು ಏನು ಮಾಡೋದು’ ಅನ್ನುವಂಥ ಮಾತು ಬಂದರೆ, ಅದಕ್ಕೆ ವಾರದ ಕೂಟ ಮದ್ದಲ್ಲ. ಆಗ ಅವನೊಬ್ಬನ ಜೊತೆ ನೀವು ಅಥವಾ ನಿಮ್ಮ ಮನೆಯವರು ಬೇರೆಯಾಗಿ ಕೂತು ಕೇಳಬೇಕು. ಬೈಯದೆ, ಬುದ್ಧಿ ಹೇಳದೆ ಕೇಳಬೇಕು. ಸಾಯುವ ಯೋಚನೆ ಬರುತ್ತದಾ ಅಂತ ನೇರವಾಗಿ ಕೇಳಲು ಹೆದರಬೇಡಿ, ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಅವನನ್ನು ಒಬ್ಬನೇ ಬಿಡಬೇಡಿ, ಅವತ್ತೇ ದವಾಖಾನೆಗೆ ಕರೆದುಕೊಂಡು ಹೋಗಿ. ನಮ್ಮ ಊರಿನ ಜಿಮ್ಸ್ ಸರ್ಕಾರಿ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ಹೋಗಲು ಅವನು ಹಿಂಜರಿದರೆ ಮೊದಲು 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ದಿನದ 24 ತಾಸೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಅವನೇ ಮಾತಾಡಬಹುದು. ಅವನು ಒಲ್ಲೆ ಅಂದರೆ ಏನು ಮಾಡಬೇಕು ಅಂತ ನೀವೂ ಕೇಳಬಹುದು.